ಸೂರಕ್ಕಿಗಳ ಕುಲನಿರ್ಣಯ: ಒಂದು ಹಳೆಯ ವಿಭಾಗದ ಚರಿತ್ರೆ

ಪಿರಿಯಾಪಟ್ಟಣದ ತಾಲ್ಲೂಕಿಗೆ ಸೇರಿದ ಬೆಟ್ಟದಪುರವು ಸಿಡಿಲು ಮಲ್ಲಿಕಾರ್ಜುನನ ಸನ್ನಿಧಿಯಿಂದ ಪ್ರಸಿದ್ಧವಾದ ಸ್ಥಳ. ಒಂಟಿಯಾಗಿ ಎದ್ದು ನಿಂತಿರುವ ಆ ಬೆಟ್ಟದಿಂದ ಪೂರ್ವಕ್ಕೆ ಮೈಸೂರಿನ ಬಯಲುಸೀಮೆಯೂ ಪಶ್ಚಿಮಕ್ಕೆ ಕೊಡಗಿನ ಮಲೆಗಳೂ ಹಬ್ಬಿರುವುವು. ಈ ನಡುನಾಡಿನ ಹಿತ್ತಿಲುಗಳಲ್ಲಿ ದಾಸವಾಳಕ್ಕೂ ಬಾಳೆಯ ಹೂವಿಗೂ ಮರಗಳ ಮೇಲೆ ಬೆಳೆದ ಬದನಿಕೆಯ ಹೂವಿಗೂ ಎರಗಿ ಮಧುವನ್ನು ಹೀರುವ ಪುಟ್ಟ ಹಕ್ಕಿಗಳನ್ನು ಕಾಣದವರಿಲ್ಲ. ನಮ್ಮ ಪಕ್ಷಿಗ್ರಂಥಗಳು ಇವನ್ನು ಸೂರಕ್ಕಿಗಳೆಂದು ಕರೆಯುತ್ತವೆ. ಮೈಸೂರು ಸೀಮೆಯಲ್ಲಿಯೂ ಅದಕ್ಕೆ ಹೊಂದಿದ ಮಲೆಗಳಲ್ಲಿಯೂ ಸಾಮಾನ್ಯವಾಗಿ ದೊರೆಯುವ ನಾಲ್ಕು ಸೂರಕ್ಕಿಗಳು ಶಾಸ್ತ್ರದಲ್ಲಿ ಒಂದೇ ಕುಲವೋ ಎರಡು ಕುಲಗಳೋ ಎಂಬ ಪ್ರಶ್ನೆಯನ್ನು ವಿದ್ವಾಂಸರು ಒಂದೂವರೆ ಶತಮಾನದ ಕಾಲ ಹೇಗೆ ಬಿಡಿಸುತ್ತ ಬಂದರೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆ ನಾಲ್ಕರ ಪರಿಚಯ. ಒಂದನೆಯದು ಹಳದಿ ಹೊಟ್ಟೆಯ ಸೂರಕ್ಕಿ. ಗಂಡಿನ ಬೆನ್ನು ಕಡುಗೆಂಪು, ಸೊಂಟ ಮತ್ತು ಕೊರಳು ನೇರಳೆ, ನೆತ್ತಿ ಹೊಳೆಯುವ ಹಸುರು. ಎರಡನೆಯದು ಸುಮಾರು 8 ಸೆಂಟಿಮೀಟರು ಉದ್ದದ ಅತಿ ಚಿಕ್ಕ ಸೂರಕ್ಕಿ. ಇದರ ಬೆನ್ನೂ ಕೆಂಪು, ಹೊಟ್ಟೆಯೂ ಹಳದಿಯೇ. ಆದರೆ ಇದು ಪಶ್ಚಿಮಘಟ್ಟಗಳ ಕಾಡುತೋಪುಗಳನ್ನು ಬಿಟ್ಟು ಬಯಲಿಗೆ ಬರುವುದು ವಿರಳ. ಮೂರನೆಯದು ಮೈಯೆಲ್ಲ ಕಪ್ಪುನೇರಳೆಯಾಗಿ ಮಿರುಗುವ ನೇರಳೆ ಸೂರಕ್ಕಿ. ನಾಲ್ಕನೆಯದು ಅದನ್ನೇ ಹೋಲುವ, ಆದರೆ ಕೊಕ್ಕು ಹೆಚ್ಚು ನೀಳವಾಗಿ ಬಾಗಿರುವ ಲೋಟನ ಸೂರಕ್ಕಿ. ಮೊದಲಿನ ಎರಡು ಒಂದು ಜೋಡಿಯಂತೆಯೂ ಕಡೆಯ ಎರಡು ಇನ್ನೊಂದು ಜೋಡಿಯಂತೆಯೂ ಕಣ್ಣಿಗೆ ತೋರುವುವು. ಕಣ್ಣಿಗೆ ತೋರಿದುದೆಲ್ಲ ಶಾಸ್ತ್ರಸಿದ್ಧವಾಗುವುದಿಲ್ಲವಷ್ಟೆ. ಆದುದರಿಂದಲೇ ಈ ಚರಿತ್ರೆ ದೀರ್ಘವಾಯಿತು.

ಸ್ವೀಡನ್ ದೇಶದ ಲಿನೇಯಸನು 1766ರಲ್ಲಿ ಹಳದಿ ಹೊಟ್ಟೆಯ ಹಕ್ಕಿಗೂ ಲೋಟನ ಹಕ್ಕಿಗೂ ಹೆಸರಿಟ್ಟನು. ಎರಡನ್ನೂ ಅವನು 'ಸರ್ಥಿಯ' ಎಂಬ ಕುಲಕ್ಕೆ ಸೇರಿಸಿದನು. ಅದು ಯುರೋಪಿನ ಮರದ ಬೊಡ್ಡೆಗಳ ಮೇಲೆ ಹತ್ತುವ ಒಂದು ಕಂದುಬಣ್ಣದ ಹಕ್ಕಿಯ ಕುಲ. ಕೊಕ್ಕು ಬಾಗಿರುವುದೊಂದೇ ಈ ಬಾಂಧವ್ಯಕ್ಕೆ ಆಧಾರವಾಗಿತ್ತು. ಲೋಟನೆಂದರೆ 1752ರಿಂದ 1757ರವರೆಗೆ ಸಿಂಹಳದ್ವೀಪದಲ್ಲಿ ಡಚ್ಚರ ರಾಜ್ಯಪಾಲನಾಗಿದ್ದು, ಅಲ್ಲಿನ ಪ್ರಾಣಿಪಕ್ಷಿಗಳ ಚಿತ್ರಗಳನ್ನು ಬರೆಯಿಸಿದವನು. 1790ರಲ್ಲಿ ಲೇಥಮನು ನೇರಳೆ ಸೂರಕ್ಕಿಯನ್ನೂ ಅದೇ ಕುಲದಲ್ಲಿ 'ಏಷ್ಯಾಟಿಕ' ಎಂಬ ಹೆಸರಿನಿಂದ ಸೇರಿಸಿದನು. ಸೂರಕ್ಕಿಗಳಿಗೆ ಸ್ವಂತ ಮನೆ ದೊರೆತುದು ಹತ್ತೊಂಬತ್ತನೆಯ ಶತಮಾನದಲ್ಲಿ. 1811ರಲ್ಲಿ ಇಲ್ಲಿಗರನು 'ನೆಕ್ಟರಿನಿಯ' ಎಂಬ ಕುಲವನ್ನೂ, ಅನಂತರ ಕೆಲವು ವರ್ಷಗಳಲ್ಲಿಯೇ ಕೂವಿಯೇಯು 'ಸಿನ್ನಿರಿಸ್' ಎಂಬ ಕುಲವನ್ನೂ ಸ್ಥಾಪಿಸಿದರು. ದಕ್ಷಿಣಾಪಥದಲ್ಲಿ ಪಕ್ಷಿಗಳನ್ನು ಸಂಗ್ರಹಿಸಿದ ಸೈಕ್ಸ್ ಎಂಬ ಸೇನಾಧಿಕಾರಿಯು ನಮ್ಮ ಘಟ್ಟಗಳ ಚಿಕ್ಕ ಸೂರಕ್ಕಿಯನ್ನು 1832ರಲ್ಲಿ ವರ್ಣಿಸಿ, ಅತ್ಯಲ್ಪವಾದುದೆಂಬ ಅರ್ಥದಲ್ಲಿ 'ಮಿನಿಮ' ಎಂದು ಕರೆದನು.

ಈಗ ಮುಖ್ಯ ಸಂಗತಿಗೆ ಬರೋಣ. 1850ರ ಸುಮಾರಿನಲ್ಲಿ ಬರ್ಲಿನ್ ನಗರದ ಕಬಾನಿಸನು ಹೊಸದಾಗಿ ಕಲ್ಪಿಸಿದ ಕುಲಗಳಲ್ಲಿ ಎರಡು ನಮ್ಮ ವಿಷಯಕ್ಕೆ ಸಂಬಂಧಪಟ್ಟವು. ಒಂದು 'ಲೆಪ್ಟೊಕೋಮ', ಎಂದರೆ ಗ್ರೀಕಿನಲ್ಲಿ ನವುರಾದ ಕೂದಲುಳ್ಳದ್ದು. ಇನ್ನೊಂದು 'ಅರಾಕ್ನೆಕ್ತ್ರ', ಎಂದರೆ ಜೇಡರ ಹುಳುವಿನ ಶತ್ರು. ಈ ಎರಡನೆಯ ಹೆಸರು ಅನ್ವರ್ಥವಾದುದು: ಸೂರಕ್ಕಿಗಳು ಜೇಡಗಳನ್ನು ತಿನ್ನುವುದಲ್ಲದೆ ತಮ್ಮ ತೂಗುಗೂಡನ್ನು ಜೇಡರ ಬಲೆಯ ನೂಲಿನಿಂದಲೇ ಬಿಗಿಯುತ್ತವೆ. 1862ರಲ್ಲಿ ಪ್ರಕಟವಾದ 'ಭಾರತದ ಪಕ್ಷಿಗಳು' ಎಂಬ ಗ್ರಂಥದ ಮೊದಲ ಸಂಪುಟದಲ್ಲಿ ಜೆರ್ಡನ್ ಎಂಬ ವೈದ್ಯನು ಹಳದಿ ಹೊಟ್ಟೆಯದನ್ನೂ ಚಿಕ್ಕದನ್ನೂ ಲೆಪ್ಟೊಕೋಮದಲ್ಲಿಯೂ, ನೇರಳೆಯದನ್ನೂ ಲೋಟನದನ್ನೂ ಅರಾಕ್ನೆಕ್ತ್ರದಲ್ಲಿಯೂ ಇರಿಸಿದನು. ಹೀಗೆ ನಾಲ್ಕು ಹಕ್ಕಿಗಳು ಎರಡೆರಡಾಗಿ ಬೇರ್ಪಟ್ಟುವು.

ಈ ವಿಭಾಗವು ಹೆಚ್ಚು ಕಾಲ ನಿಲ್ಲಲಿಲ್ಲ. 1890ರಲ್ಲಿ ಓಟ್ಸನು ಭಾರತದ ಪ್ರಾಣಿವರ್ಗವನ್ನು ಕುರಿತ ಸರ್ಕಾರದ ಗ್ರಂಥಮಾಲೆಯಲ್ಲಿ ನಾಲ್ಕನ್ನೂ ಅರಾಕ್ನೆಕ್ತ್ರವೆಂಬ ಒಂದೇ ಕುಲದಲ್ಲಿ ಕೂಡಿಸಿದನು. 1944ರಲ್ಲಿ ಡೆಲಕೂರನು ಇನ್ನೂ ಮುಂದೆ ಹೋಗಿ, ಇಡೀ ಕುಟುಂಬವನ್ನು ಐದೇ ಕುಲಗಳಿಗೆ ಇಳಿಸಿ, ಲೆಪ್ಟೊಕೋಮವನ್ನೂ ಸಿನ್ನಿರಿಸನ್ನೂ ನೆಕ್ಟರಿನಿಯದಲ್ಲಿ ಲೀನಗೊಳಿಸಿದನು. ಸಣ್ಣಪುಟ್ಟ ಭೇದಗಳಿಗೆಲ್ಲ ಒಂದೊಂದು ಕುಲವನ್ನು ಕಲ್ಪಿಸುವ ಹಿಂದಿನವರ ಚಪಲಕ್ಕೆ ಇದು ಪ್ರತಿಕ್ರಿಯೆಯಾಗಿದ್ದಿತು. ಸಲೀಂ ಅಲಿಯವರೂ ರಿಪ್ಲೆಯವರೂ ಕೂಡಿ ರಚಿಸಿದ ಕೈಪಿಡಿಯ 1974ರ ಸಂಪುಟದಲ್ಲಿಯೂ ನಾಲ್ಕು ಹಕ್ಕಿಗಳು ನೆಕ್ಟರಿನಿಯಗಳಾಗಿಯೇ ಇವೆ. ಎರಡು ತಲೆಮಾರಿನ ಓದುಗರಿಗೆ ಲೆಪ್ಟೊಕೋಮವು ಹಳೆಯ ಪುಸ್ತಕಗಳ ಮಾತಾಗಿ ಉಳಿಯಿತು.

ಆದರೆ ನೆಕ್ಟರಿನಿಯವು ಆಫ್ರಿಕದ ನೀಳಬಾಲದ ಹಕ್ಕಿಯೊಂದನ್ನು ಮಾದರಿಯಾಗಿ ಉಳ್ಳ ಕುಲ. ಅದರೊಳಗೆ ಪರಸ್ಪರ ದೂರವಾದ ಹಕ್ಕಿಗಳನ್ನು ತುಂಬಿದುದು ಸರಿಯಲ್ಲವೆಂದು 1999ರಲ್ಲಿ ಇರ್ವಿನ್ ಅವರು ವಾದಿಸಿದರು. ಚೀಕ್ ಮತ್ತು ಮ್ಯಾನ್ ಅವರ 2001ರ ಗ್ರಂಥದಲ್ಲಿ ಹಳೆಯ ಕುಲಗಳು ಮರಳಿ ಬಂದುವು. ಇಂದಿನ ಪಟ್ಟಿಗಳಲ್ಲಿ ಹಳದಿ ಹೊಟ್ಟೆಯದೂ ಚಿಕ್ಕದೂ ಲೆಪ್ಟೊಕೋಮ. ನೇರಳೆಯದೂ ಲೋಟನದೂ ಸಿನ್ನಿರಿಸ್. ಅರಾಕ್ನೆಕ್ತ್ರವೆಂಬ ಹೆಸರು ಹೋಯಿತು. ಜೆರ್ಡನನು ಎಳೆದ ಗೆರೆ ಮಾತ್ರ ಎಳೆದ ಸ್ಥಳದಲ್ಲಿಯೇ ಉಳಿದಿದೆ. ಪರಿಷ್ಕರಣಕಾರರು ಅಡಿಟಿಪ್ಪಣಿಗೆ ತಳ್ಳಿದ್ದ ಪಾಠವೊಂದು, ಬೇರೆ ಪ್ರತಿಗಳು ದೊರೆತ ಮೇಲೆ ಮೂಲಕ್ಕೆ ಏರುವುದುಂಟು, ಇದೂ ಅಂತಹುದೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ನಿರ್ಣಯ ಒಂದೇ ಆದಮಾತ್ರಕ್ಕೆ ಪ್ರಮಾಣವೂ ಒಂದೇ ಎಂದು ತಿಳಿಯಲಾಗದು. ಬಣ್ಣವನ್ನೇ ನಂಬುವುದಾದರೆ, ನೇರಳೆ ಸೂರಕ್ಕಿಯ ಗಂಡು ಮರಿಮಾಡುವ ಕಾಲ ಕಳೆದ ಮೇಲೆ ತನ್ನ ಹೊಳಪನ್ನು ಬಹುಮಟ್ಟಿಗೆ ಕಳಚಿ, ಎದೆಯ ನಡುವೆ ಒಂದು ಕಪ್ಪು ಪಟ್ಟೆಯನ್ನು ಉಳಿಸಿಕೊಂಡು, ಹೆಣ್ಣಿನಂತೆ ಕಾಣುತ್ತದೆ. ಹಳದಿ ಹೊಟ್ಟೆಯದಾದರೋ ವರ್ಷವೆಲ್ಲ ಒಂದೇ ಉಡುಪಿನಲ್ಲಿರುವುದು. ಒಂದೇ ಹಕ್ಕಿ ಎರಡು ವೇಷಗಳನ್ನು ತಾಳುವಲ್ಲಿ ವೇಷವೊಂದರಿಂದಲೇ ಕುಲವನ್ನು ನಿರ್ಣಯಿಸುವುದು ಅಪಾಯಕರ. ಹೆಸರಿನ ಅರ್ಥವನ್ನು ನಂಬುವುದಂತೂ ಇನ್ನೂ ಅಪಾಯಕರ. ಲೆಪ್ಟೊಕೋಮ ಕುಲಕ್ಕೆ ಮಾದರಿಯೆಂದು ಗೊತ್ತುಮಾಡಿರುವ ಹಕ್ಕಿಗೆ 1788ರಲ್ಲಿ ಗ್ಮೆಲಿನನು ಇಟ್ಟ ಹೆಸರು 'ಬ್ರಸಿಲಿಯಾನ'. ಆ ಹಕ್ಕಿ ಇರುವುದು ಆಗ್ನೇಯ ಏಷ್ಯದಲ್ಲಿ, ಬ್ರೆಜಿಲ್ ದೇಶದಲ್ಲಿ ಸೂರಕ್ಕಿಗಳೇ ಇಲ್ಲ. ತಪ್ಪೆಂದು ತಿಳಿದರೂ ಮೊದಲಿಟ್ಟ ಹೆಸರನ್ನು ನಿಯಮವು ಕಾಪಾಡುತ್ತದೆ.

ಕನ್ನಡದ ಪಾರಿಭಾಷಿಕ ಪದಗಳನ್ನು ರಚಿಸುವವರಿಗೂ ಕಲಿಸುವವರಿಗೂ ಈ ಚರಿತ್ರೆಯಿಂದ ಒಂದು ಪ್ರಯೋಜನವುಂಟು. ಲ್ಯಾಟಿನ್ ನಾಮದಲ್ಲಿ ಎರಡು ಭಾಗಗಳು: ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಚಿಕ್ಕ ಸೂರಕ್ಕಿಯ ಕುಲನಾಮವು ಸಿನ್ನಿರಿಸ್, ಲೆಪ್ಟೊಕೋಮ, ಅರಾಕ್ನೆಕ್ತ್ರ, ನೆಕ್ಟರಿನಿಯ, ಮತ್ತೆ ಲೆಪ್ಟೊಕೋಮ ಎಂದು ತಿರುಗಿದರೂ 'ಮಿನಿಮ' ಎಂಬುದು ಕದಲಲಿಲ್ಲ. ಅದರ ಮುಂದೆ ಸೈಕ್ಸನ ಹೆಸರನ್ನೂ 1832 ಎಂಬ ವರ್ಷವನ್ನೂ ಕಂಸದೊಳಗೆ ಬರೆಯುವರು. ಹಕ್ಕಿಯು ಮೊದಲು ಇದ್ದ ಕುಲ ಬೇರೆ ಎಂಬುದಕ್ಕೆ ಆ ಕಂಸವೇ ಸಾಕ್ಷಿ. ಕುಲದ ಲಿಂಗಕ್ಕೆ ಅನುಗುಣವಾಗಿ ವಿಶೇಷಣದ ಅಂತ್ಯವೂ ಮಾರ್ಪಡುವುದರಿಂದ ನೆಕ್ಟರಿನಿಯದಲ್ಲಿ ಏಷ್ಯಾಟಿಕ ಎಂದಿದ್ದುದು ಸಿನ್ನಿರಿಸ್‌ನಲ್ಲಿ ಏಷ್ಯಾಟಿಕಸ್ ಆಗಿದೆ. ಹೀಗಿರಲಾಗಿ, ಕುಲನಾಮಗಳನ್ನು ಸಂಸ್ಕೃತಕ್ಕೆ ಪರಿವರ್ತಿಸಿ ನಿಘಂಟುಗಳಲ್ಲಿ ಸೇರಿಸಿದರೆ, ಶಾಸ್ತ್ರಜ್ಞರು ಮನಸ್ಸು ಬದಲಾಯಿಸಿದಾಗಲೆಲ್ಲ ನಮ್ಮ ಪದಗಳು ಹಳಸುವುವು. ಪ್ರಭೇದಕ್ಕೆ ಕನ್ನಡದ ಹೆಸರು, ಕುಲಕ್ಕೆ ಲ್ಯಾಟಿನ್ನಿನ ಹೆಸರೇ ಕನ್ನಡ ಲಿಪಿಯಲ್ಲಿ: ಇದು ಕ್ಷೇಮವಾದ ಮಾರ್ಗವೆಂದು ನನಗೆ ತೋರುತ್ತದೆ. 'ಸೂರಕ್ಕಿ' ಎಂಬ ಮಾತಾದರೋ ಕುಟುಂಬವನ್ನೆಲ್ಲ ಒಳಗೊಳ್ಳುವಷ್ಟು ವಿಶಾಲವಾಗಿರುವುದರಿಂದ ಈ ಯಾವ ವ್ಯತ್ಯಾಸದಿಂದಲೂ ಅದಕ್ಕೆ ಬಾಧಕವುಂಟಾಗಲಿಲ್ಲ.

ಸಿನ್ನಿರಿಸ್ ಬಹು ದೊಡ್ಡ ಕುಲ. ಅದರ ಎಲ್ಲೆಗಳು ಮುಂದೆಯೂ ಬದಲಾಗಬಹುದು. ಆದರೆ ಬೆಟ್ಟದಪುರದ ಹಿತ್ತಿಲಿನಲ್ಲಿ ಒಂದೇ ದಾಸವಾಳದ ಗಿಡಕ್ಕೆ ಹಳದಿ ಹೊಟ್ಟೆಯದೂ ನೇರಳೆಯದೂ ಒಂದರ ಹಿಂದೆ ಒಂದು ಬಂದಾಗ, ನೋಡುವವನು ಎರಡು ಕುಲಗಳನ್ನು ನೋಡುತ್ತಿರುವನೆಂದು 1862ರ ಗ್ರಂಥವೂ ಇಂದಿನ ಪಟ್ಟಿಯೂ ಒಮ್ಮತದಿಂದ ಹೇಳುತ್ತಿವೆ. ನಡುವಣ ಕಾಲದ ಗ್ರಂಥಗಳನ್ನು ಓದುವವರು ಹೆಸರು ಒಂದೇ ಎಂದು ಮೋಸಹೋಗದೆ, ಗ್ರಂಥದ ವರ್ಷವನ್ನು ಮೊದಲು ನೋಡಬೇಕೆಂದು ಪ್ರಾರ್ಥನೆ.