ಗಣಕದ ಪರದೆ ಮತ್ತೆ ಮೊದಲಿನಂತಾಗಲು

ಮನೆಯ ಗಣಕಯಂತ್ರದ ಪರದೆಯ ಬಣ್ಣ, ಚಿತ್ರ, ಅಕ್ಷರಗಳ ಗಾತ್ರ ಇವನ್ನೆಲ್ಲ ನಾವು ಇಷ್ಟಬಂದಂತೆ ಬದಲಾಯಿಸಿಕೊಳ್ಳುತ್ತೇವೆ. ಬದಲಾಯಿಸಿದ್ದು ಸರಿಬಾರದಿದ್ದರೆ ಯಂತ್ರ ಕೊಂಡಾಗ ಇದ್ದ ಸ್ಥಿತಿಗೇ ಹಿಂದಿರುಗಬೇಕೆನಿಸುತ್ತದೆ. ಆ ಸ್ಥಿತಿಗೆ ‘ಡೀಫಾಲ್ಟ್’ ಎಂದು ಹೆಸರು. ನಾವು ಏನನ್ನೂ ಹೇಳದಿದ್ದಾಗ ಯಂತ್ರ ತಾನಾಗಿ ಅನುಸರಿಸುವ ಏರ್ಪಾಟು ಅದು. ಹಿಂದಿರುಗಲು ಒಂದೇ ಒಂದು ಷರತ್ತಿದೆ: ನಮ್ಮ ಆಯ್ಕೆಯೂ ತಯಾರಕರ ಏರ್ಪಾಟೂ ಬೇರೆ ಬೇರೆ ಕಡೆ ಬರೆದಿರಬೇಕು. ಸ್ಲೇಟಿನಲ್ಲಿ ಒಂದನ್ನು ಒರೆಸಿ ಇನ್ನೊಂದನ್ನು ಬರೆದರೆ ಹಳೆಯದು ಹೋದಂತೆಯೇ. ಟೆಲಿವಿಷನ್ ಸ್ಟುಡಿಯೋದಲ್ಲಿ ಮಾನಿಟರಿನ ಬಣ್ಣದ ಬಗ್ಗೆ ಅನುಮಾನ ಬಂದರೆ ನಾವು ‘ಕಲರ್ ಬಾರ್’ ಹಾಕಿ ನೋಡಿ ಸರಿಮಾಡುತ್ತೇವೆ. ಅಲ್ಲಿ ಅಳತೆಗೋಲು ಹೊರಗಿನಿಂದ ಬರುತ್ತದೆ. ಗಣಕವಾದರೋ ತನ್ನ ಅಳತೆಗೋಲನ್ನು ತನ್ನೊಳಗೇ ಕಾಪಾಡಿಕೊಳ್ಳಬೇಕು.

1984ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂಟಾಷ್‌ನಲ್ಲಿ ಪರದೆಯ ಹಿನ್ನೆಲೆ ಕಪ್ಪು ಬಿಳುಪಿನ ಚುಕ್ಕೆಗಳಿಂದಾದ ಬೂದು ಬಣ್ಣ. ಎಂಟಕ್ಕೆ ಎಂಟು ಚುಕ್ಕೆಗಳ ಒಂದು ಚೌಕವನ್ನು ತಿದ್ದಿ ಯಾರು ಬೇಕಾದರೂ ತಮ್ಮದೇ ವಿನ್ಯಾಸ ಮಾಡಿಕೊಳ್ಳಬಹುದಿತ್ತು. ಧ್ವನಿಯ ಮಟ್ಟ, ಮೌಸ್ ಗುಂಡಿಯನ್ನು ಎರಡು ಬಾರಿ ಒತ್ತುವುದರ ನಡುವಿನ ಅವಧಿ ಮುಂತಾದ ಆಯ್ಕೆಗಳು ಗಡಿಯಾರದ ಚಿಪ್ಪಿನಲ್ಲಿದ್ದ ಕೇವಲ 20 ಬೈಟ್‌ಗಳಲ್ಲಿ ಕೂತಿದ್ದವು. ಆ ಚಿಪ್ಪಿಗೆ ಜೀವ ಕೊಡುತ್ತಿದ್ದುದು ಯಂತ್ರದ ಬೆನ್ನಿನಲ್ಲಿದ್ದ ಸಣ್ಣ ಬ್ಯಾಟರಿ. ಅದನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ನಮ್ಮ ಆಯ್ಕೆಗಳು ಅಳಿಸಿಹೋಗಿ, ಅಳಿಸಲಾಗದ ರಾಮ್ ಅಲ್ಲದ ‘ರಾಮ್’ಗೆ ಸೋದರನಾದ ‘ರೋಮ್’ ಸ್ಮೃತಿಯಲ್ಲಿ ಕೆತ್ತಿದ್ದ ಮೂಲ ಏರ್ಪಾಟು ಮೇಲೆ ಬರುತ್ತಿತ್ತು. ಒರಟು ಉಪಾಯವೇ ಸರಿ, ಆದರೆ ಷರತ್ತನ್ನು ಪೂರೈಸಿತ್ತು.

1992ರ ವಿಂಡೋಸ್ 3.1ರಲ್ಲಿ ಪರಿಸ್ಥಿತಿ ಅಷ್ಟು ನೇರವಾಗಿರಲಿಲ್ಲ. ಬಣ್ಣಗಳ ಮಟ್ಟಿಗೆ ಅನುಕೂಲವಿತ್ತು. ಕಣ್ಣು ಕುಕ್ಕುವ ಕೆಂಪು ಹಳದಿಯ ‘ಹಾಟ್‌ಡಾಗ್ ಸ್ಟ್ಯಾಂಡ್’ ಎಂಬ ಯೋಜನೆಯನ್ನು ಆರಿಸಿಕೊಂಡವರೂ ಅದೇ ಪಟ್ಟಿಯಲ್ಲಿದ್ದ ‘ವಿಂಡೋಸ್ ಡೀಫಾಲ್ಟ್’ ಅನ್ನು ಮುಟ್ಟಿ ಪಾರಾಗಬಹುದಿತ್ತು. ಆದರೆ ಕಾರ್ಯಕ್ರಮಗಳ ಚಿಹ್ನೆಗಳನ್ನು ಮನೆಯ ಮಕ್ಕಳು ಅಳಿಸಿಬಿಟ್ಟರೆ ಮತ್ತೆ ತರಲು ‘ಸೆಟಪ್ /ಪಿ’ ಎಂಬ ಆಜ್ಞೆ ಗೊತ್ತಿರಬೇಕಿತ್ತು. ಪರದೆಯ ಮೇಲೆ ಎಲ್ಲಿಯೂ ಕಾಣದ ಆಜ್ಞೆ ಅದು.

1995ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 95 ಬಹುಪಾಲು ಆಯ್ಕೆಗಳನ್ನು ‘ರಿಜಿಸ್ಟ್ರಿ’ ಎಂಬ ಒಂದೇ ಭಂಡಾರಕ್ಕೆ ತಂದಿತು. ಯಂತ್ರ ಸರಿಯಾಗಿ ಆರಂಭವಾದಾಗಲೆಲ್ಲ ಅದರ ಒಂದು ನಕಲನ್ನು ತೆಗೆದಿಡುತ್ತಿತ್ತು. ಇದರಲ್ಲೊಂದು ತೊಡಕು. ಕೆಟ್ಟ ಏರ್ಪಾಟಿನಲ್ಲೂ ಯಂತ್ರ ಹೇಗೋ ಆರಂಭವಾಯಿತೆನ್ನಿ, ಆಗ ಒಳ್ಳೆಯ ನಕಲಿನ ಮೇಲೆ ಕೆಟ್ಟದ್ದೇ ಬರೆಯಲ್ಪಡುತ್ತಿತ್ತು! ವಿಂಡೋಸ್ 98 ಐದು ಹಳೆಯ ನಕಲುಗಳನ್ನು ಇಡತೊಡಗಿತು. 2000ದಲ್ಲಿ ಬಂದ ವಿಂಡೋಸ್ ಎಂಇ ‘ಸಿಸ್ಟಂ ರಿಸ್ಟೋರ್’ ಎಂಬ ಸೌಲಭ್ಯ ಕೊಟ್ಟು, ಬೇಕಾದ ಹಿಂದಿನ ದಿನಕ್ಕೆ ಮರಳುವ ದಾರಿ ತೆರೆಯಿತು. ವಿದ್ಯಾರ್ಥಿಗಳು ಇಲ್ಲೊಂದು ಭೇದವನ್ನು ಗಮನಿಸಬೇಕು. ನಿನ್ನೆಯ ಸ್ಥಿತಿಗೆ ಮರಳುವುದು ಬೇರೆ, ಮೊದಲ ದಿನದ ಸ್ಥಿತಿಗೆ ಮರಳುವುದು ಬೇರೆ. ಮೊದಲನೆಯದರಲ್ಲಿ ನಮ್ಮ ಆಯ್ಕೆಗಳು ಉಳಿಯುತ್ತವೆ. ಎರಡನೆಯದರಲ್ಲಿ ಉಳಿಯುವುದು ತಯಾರಕರದು ಮಾತ್ರ.

2001ರ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರವನ್ನು ನೋಡದವರು ಕಡಿಮೆ. ಚಾರ್ಲ್ಸ್ ಓ’ರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರಾಂತ್ಯದಲ್ಲಿ ತೆಗೆದ ಚಿತ್ರವದು. ಪರದೆಯ ಅಂದವನ್ನು ಎಷ್ಟೇ ಕೆಡಿಸಿಕೊಂಡಿದ್ದರೂ ‘ಥೀಮ್’ ಪಟ್ಟಿಯಲ್ಲಿ ‘ವಿಂಡೋಸ್ ಎಕ್ಸ್‌ಪಿ’ ಎಂಬುದನ್ನು ಆರಿಸಿದರೆ ಗುಡ್ಡ ಮರಳಿ ಬರುತ್ತಿತ್ತು.

ಆದರೆ ಮರಳಿ ಬಾರದಿದ್ದುದು ಕನ್ನಡ. ‘ತುಂಗಾ’ ಎಂಬ ಕನ್ನಡ ಅಕ್ಷರ ವಿನ್ಯಾಸ ಎಕ್ಸ್‌ಪಿಯ ಜೊತೆಗೇ ಬಂದಿತ್ತು ನಿಜ, ಆದರೆ ಇಂಗ್ಲಿಷ್ ಆವೃತ್ತಿಯ ಮೂಲ ಏರ್ಪಾಟಿನಲ್ಲಿ ಭಾರತೀಯ ಲಿಪಿಗಳ ಸೌಲಭ್ಯ ಮುಚ್ಚಿಯೇ ಇರುತ್ತಿತ್ತು. ಕಂಟ್ರೋಲ್ ಪ್ಯಾನೆಲ್ಲಿನೊಳಗೆ ಭಾಷೆಗಳ ಪುಟಕ್ಕೆ ಹೋಗಿ, ಒಂದು ಪುಟ್ಟ ಚೌಕಕ್ಕೆ ಗುರುತು ಹಾಕಿ, ಯಂತ್ರ ಕೇಳಿದಾಗ ಸಿ.ಡಿ.ಯನ್ನು ಒದಗಿಸಿದರೆ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿದ್ದವು. ಎಕ್ಸ್‌ಪಿಯನ್ನು ಹೊಸದಾಗಿ ಹಾಕಿದೊಡನೆ ಇಂಗ್ಲಿಷ್ ತಾನಾಗಿ ಬರುತ್ತಿತ್ತು, ಕನ್ನಡಕ್ಕಾಗಿ ಅದೇ ಚೌಕವನ್ನು ಮತ್ತೆ ಹುಡುಕಬೇಕಾಗುತ್ತಿತ್ತು. ಮೂಲಸ್ಥಿತಿ ಎಂಬುದು ಪ್ರಕೃತಿ ಕೊಟ್ಟದ್ದಲ್ಲ, ಎಲ್ಲೋ ಕುಳಿತು ಯಾರೋ ನಿರ್ಧರಿಸಿದ್ದು. ನಿರ್ಧರಿಸಿದವರ ಕಣ್ಣಿಗೆ ನಾವು ಬಿದ್ದಿದ್ದೆವೇ ಎಂಬುದು ಆ ಚೌಕದಲ್ಲಿ ತಿಳಿಯುತ್ತಿತ್ತು.

2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಈ ಲಿಪಿಗಳು ಮೊದಲ ದಿನದಿಂದಲೇ ತೆರೆದಿದ್ದವು. ಗುರುತು ಹಾಕಲು ಆ ಚೌಕವೇ ಅಲ್ಲಿರಲಿಲ್ಲ.