ಹಳೆಯ ಡಿವಿಡಿ ಪ್ಲೇಯರ್‌ಗಳ ನಿರ್ವಹಣೆ

ಡಿವಿಡಿ ಪ್ಲೇಯರ್ ಎಂಬುದು 12 ಸೆಂ.ಮೀ. ವ್ಯಾಸದ ಡಿಸ್ಕ್‌ಗಳಲ್ಲಿ ಅಂಕೀಯ ರೂಪದಲ್ಲಿ ದಾಖಲಾದ ಚಿತ್ರ ಹಾಗೂ ಧ್ವನಿಯನ್ನು ಲೇಸರ್ ಕಿರಣದ ಮೂಲಕ ಓದಿ ದೂರದರ್ಶನದ ಪರದೆಯ ಮೇಲೆ ಮೂಡಿಸುವ ವಿದ್ಯುನ್ಮಾನ ಉಪಕರಣ. ಇದು 1996ರ ನವೆಂಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಮೊದಲು ಬಂದಿತು. ಅಂತರಜಾಲದ ಮೂಲಕ ಚಲನಚಿತ್ರ ನೋಡುವ ರೂಢಿ ಬೆಳೆದ ಮೇಲೆ ಇದರ ಬಳಕೆ ಬಹುಮಟ್ಟಿಗೆ ನಿಂತಿದೆ. ಆದರೆ ಮನೆಗಳಲ್ಲಿ ಉಳಿದಿರುವ ಮದುವೆ, ಗೃಹಪ್ರವೇಶ, ಜಾತ್ರೆ ಮತ್ತು ನಾಟಕಗಳ ಡಿಸ್ಕ್‌ಗಳಿಗೆ ಬೇರೆ ಪ್ರತಿಗಳಿಲ್ಲದ ಕಾರಣ, ಅವನ್ನು ಓದಬಲ್ಲ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು ಇಂದಿಗೂ ಪ್ರಸ್ತುತವಾಗಿದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಹವೆ ಹಾಗೂ ಬಳಕೆಯ ರೀತಿಯನ್ನು ಮುಂದಿಟ್ಟುಕೊಂಡು ಇಂತಹ ಯಂತ್ರಗಳ ದೋಷಪರಿಹಾರವನ್ನು ಈ ಲೇಖನ ವಿವರಿಸುತ್ತದೆ.

ಹಿನ್ನೆಲೆ

ಡಿವಿಡಿಗಿಂತ ಮೊದಲು ಈ ಭಾಗದಲ್ಲಿ ವಿಸಿಆರ್ ಕ್ಯಾಸೆಟ್ಟುಗಳೂ ಅನಂತರ ವಿಸಿಡಿಗಳೂ ಚಾಲ್ತಿಯಲ್ಲಿದ್ದವು. ಒಂದು ಚಲನಚಿತ್ರಕ್ಕೆ ಎರಡು ಅಥವಾ ಮೂರು ವಿಸಿಡಿಗಳು ಬೇಕಾಗುತ್ತಿದ್ದವು. ಡಿವಿಡಿಯಲ್ಲಿ ಅದು ಒಂದೇ ಡಿಸ್ಕ್‌ನಲ್ಲಿ ಅಡಗಿತು. 2007ರ ಆರಂಭದಲ್ಲಿ ಮೋಸರ್ ಬೇರ್ ಸಂಸ್ಥೆಯು 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದಾಗ ಡಿಸ್ಕ್ ಎಂಬುದು ಸಂತೆಯ ಸರಕಾಯಿತು. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಂದು ಕೂಡುವ ಜಾತ್ರೆಗಳಲ್ಲಿ ಭಂಡಾರ, ಬಳೆಗಳ ಜೊತೆಗೆ ದೇವಿಯ ಹಾಡುಗಳ ಡಿಸ್ಕ್‌ಗಳೂ ಮಾರಾಟವಾಗುತ್ತಿದ್ದವು. ಅದೇ ಕಾಲದಲ್ಲಿ ಛಾಯಾಗ್ರಾಹಕರು ಮದುವೆಯ ಚಿತ್ರೀಕರಣವನ್ನು ಡಿಸ್ಕ್‌ಗೆ ಬರೆದು ಕೊಡುವುದೂ ವಾಡಿಕೆಯಾಯಿತು.

ಅಂಗಡಿಯ ಡಿಸ್ಕ್‌ಗೂ ಮದುವೆಯ ಡಿಸ್ಕ್‌ಗೂ ನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಬಾಳಿಕೆಯಲ್ಲಿ ಮಾತ್ರ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಮಾಹಿತಿಯು ಅಚ್ಚೊತ್ತಿದ ಕುಳಿಗಳ ರೂಪದಲ್ಲಿರುತ್ತದೆ. ಎರಡನೆಯದರಲ್ಲಿ ಅದು ಬಣ್ಣದ ಒಂದು ತೆಳುಪದರದ ಮೇಲೆ ಲೇಸರ್ ಸುಟ್ಟ ಗುರುತುಗಳ ರೂಪದಲ್ಲಿರುತ್ತದೆ. ಈ ಬಣ್ಣ ಬಿಸಿಲಿಗೂ ಶಾಖಕ್ಕೂ ಮಾಸುತ್ತದೆ. ಚಲನಚಿತ್ರವನ್ನು ಮತ್ತೊಂದು ಕಡೆ ಹುಡುಕಬಹುದು, ಆದರೆ ತೀರಿಹೋದ ಅಜ್ಜಿ ಸೋಬಾನ ಹಾಡಿದ ದೃಶ್ಯ ಆ ಒಂದು ಡಿಸ್ಕ್‌ನಲ್ಲಿ ಮಾತ್ರ ಇರುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಯಂತ್ರದ ಒಳಗೆ ಮುಖ್ಯವಾಗಿ ಮೂರು ಭಾಗಗಳಿವೆ: ವಿದ್ಯುತ್ ಪೂರೈಕೆಯ ಹಲಗೆ, ಸಂಕೇತಗಳನ್ನು ಬಿಡಿಸುವ ಮುಖ್ಯ ಹಲಗೆ ಮತ್ತು ಡಿಸ್ಕ್ ತಿರುಗಿಸಿ ಓದುವ ಯಾಂತ್ರಿಕ ಭಾಗ. ದೋಷಗಳಲ್ಲಿ ಬಹುಪಾಲು ಹುಟ್ಟುವುದು ಮೂರನೆಯದರಲ್ಲಿ, ಅದರಲ್ಲಿಯೂ ಪಿಕಪ್ ಎಂದು ಕರೆಯಲಾಗುವ ಲೇಸರ್ ಘಟಕದಲ್ಲಿ. ಡಿವಿಡಿ ಓದಲು 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಕಿರಣವೂ, ಸಿಡಿ ಮತ್ತು ವಿಸಿಡಿ ಓದಲು 780 ನ್ಯಾನೊಮೀಟರ್ ಕಿರಣವೂ ಬಳಕೆಯಾಗುತ್ತವೆ. ಆದ್ದರಿಂದ ವಿಸಿಡಿ ಚೆನ್ನಾಗಿ ಓಡುತ್ತಿದ್ದು ಡಿವಿಡಿ ಮಾತ್ರ ಓಡದಿದ್ದರೆ, ಡಿವಿಡಿಯ ಲೇಸರ್ ಸೊರಗಿದೆ ಎಂದು ಊಹಿಸಬಹುದು. ಎರಡೂ ಓಡದಿದ್ದರೆ ಮಸೂರದ ಮೇಲಿನ ದೂಳು ಅಥವಾ ತಿರುಗಿಸುವ ಮೋಟಾರಿನ ದೋಷವಿರುವ ಸಂಭವ ಹೆಚ್ಚು. ದುರಸ್ತಿಗೆ ಒಯ್ಯುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಅತ್ಯಂತ ಉಪಯುಕ್ತ ಪರೀಕ್ಷೆ ಇದು.

ಡಿವಿಡಿಯಲ್ಲಿ ಸುರುಳಿಯ ಎಳೆಗಳ ನಡುವಿನ ಅಂತರ 0.74 ಮೈಕ್ರೊಮೀಟರ್, ಸಿಡಿಯಲ್ಲಿ ಅದು 1.6 ಮೈಕ್ರೊಮೀಟರ್. ಸಿಡಿ ಸಹಿಸುವಷ್ಟು ಕೊಳೆಯನ್ನು ಡಿವಿಡಿ ಸಹಿಸದಿರುವುದಕ್ಕೆ ಇದೂ ಒಂದು ಕಾರಣ. ಓದು ಒಳಗಿನಿಂದ ಆರಂಭವಾಗಿ ಹೊರಗಿನ ಅಂಚಿನತ್ತ ಸಾಗುತ್ತದೆ. ಕೈಯ ಗುರುತು, ಗೀರು, ಮಾಸುವಿಕೆ ಹೆಚ್ಚಾಗಿ ಅಂಚಿನಲ್ಲಿಯೇ ಇರುವುದರಿಂದ ತುಂಬಿದ ಡಿಸ್ಕ್‌ನ ಕೊನೆಯ ಭಾಗ ಮೊದಲು ಕೆಡುತ್ತದೆ. ಮದುವೆಯ ಡಿಸ್ಕ್‌ನಲ್ಲಿ ಅರಿಷಿಣ ಹಚ್ಚುವುದು, ಅಕ್ಕಿಕಾಳು ಬೀಳುವುದು ಸರಿಯಾಗಿ ಕಂಡು, ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಬಂದಾಗ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುವುದು ಇದರಿಂದಲೇ.

ಹವೆ, ದೂಳು ಮತ್ತು ವಿದ್ಯುತ್

ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗದ ಎರೆಭೂಮಿಯ ದೂಳು ನಯವಾದದ್ದು. ಬೇಸಿಗೆಯಲ್ಲಿ ಅದು ಮುಚ್ಚಿದ ಕಪಾಟಿನೊಳಗೂ ಸೇರುತ್ತದೆ. ಯಂತ್ರದ ಮೇಲೆ ಕಸೂತಿಯ ಬಟ್ಟೆ ಹೊದಿಸುವ ಪದ್ಧತಿ ದೂಳಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ಯಂತ್ರ ಓಡುವಾಗ ಅದನ್ನು ತೆಗೆಯದಿದ್ದರೆ ಶಾಖ ಹೊರಹೋಗದೆ ಲೇಸರ್‌ನ ಆಯುಷ್ಯ ಕುಗ್ಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ಮಳೆಗಾಲದ ತೇವದಿಂದ ಮಸೂರದ ಮೇಲೆ ಮಂಜು ಕವಿಯುತ್ತದೆ, ಕಾಗದದ ಲಕೋಟೆಯಲ್ಲಿಟ್ಟ ಡಿಸ್ಕ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಯಂತ್ರವನ್ನು ಅರ್ಧ ಗಂಟೆ ಚಾಲೂ ಮಾಡಿಟ್ಟು, ಒಳಗೆ ಬೆಚ್ಚಗಾದ ಮೇಲೆ ಡಿಸ್ಕ್ ಹಾಕಿದರೆ "ನೋ ಡಿಸ್ಕ್" ಎಂಬ ಸೂಚನೆ ಅನೇಕ ವೇಳೆ ತಾನಾಗಿಯೇ ಮಾಯವಾಗುತ್ತದೆ.

ಅನೇಕ ಯಂತ್ರಗಳ ಬೆನ್ನಿನ ಮೇಲೆ 100ರಿಂದ 240 ವೋಲ್ಟ್ ಎಂದು ನಮೂದಾಗಿರುತ್ತದೆ. ಅಂಥವುಗಳಿಗೆ ವೋಲ್ಟೇಜ್ ಇಳಿತದಿಂದ ಹೆಚ್ಚಿನ ಅಪಾಯವಿಲ್ಲ, ಸ್ಟೆಬಿಲೈಜರ್ ಅನಿವಾರ್ಯವಲ್ಲ. ಅಪಾಯವಿರುವುದು ಹೋದ ವಿದ್ಯುತ್ ಮರಳಿ ಬರುವಾಗಿನ ಹೊಡೆತದಲ್ಲಿ ಮತ್ತು ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ. ಆಗ ಗುಂಡಿ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಡಿಶ್ ಅಥವಾ ಕೇಬಲ್ ತಂತಿಯ ಮೂಲಕವೂ ಸಿಡಿಲಿನ ಹೊಡೆತ ಟಿವಿಗೆ ಬಂದು, ಅಲ್ಲಿಂದ ಪ್ಲೇಯರ್‌ಗೆ ತಲುಪುವುದುಂಟು.

ಸಾಮಾನ್ಯ ದೋಷಗಳು

ಡಿಸ್ಕ್ ಓದದಿದ್ದಲ್ಲಿ ಮೊದಲು ಡಿಸ್ಕ್ ಅನ್ನೇ ಸಂಶಯಿಸಬೇಕು. ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕೇ ಹೊರತು ದುಂಡಗೆ ಉಜ್ಜಬಾರದು. ದುಂಡಗಿನ ಗೀರು ಸುರುಳಿಯ ಗುಂಟ ಸಾಗಿ ಹೆಚ್ಚು ಮಾಹಿತಿಯನ್ನು ಅಳಿಸುತ್ತದೆ. ಡಿಸ್ಕ್ ಸರಿಯಿದ್ದರೆ ಮಸೂರದ ಸರದಿ. ಪ್ಲಗ್ ಕಿತ್ತು ಮೇಲ್ಮುಚ್ಚಳ ತೆಗೆದಾಗ ಮೆಂತೆ ಕಾಳಿನಷ್ಟು ಗಾತ್ರದ ನೀಲಿ ಛಾಯೆಯ ಮಸೂರ ಕಾಣುತ್ತದೆ. ಅದು ಸೂಕ್ಷ್ಮವಾದ ತಂತಿಗಳ ಮೇಲೆ ತೂಗಿಕೊಂಡಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಿಂಡಿದ ಹತ್ತಿಯ ಕಡ್ಡಿಯಿಂದ ಮುಟ್ಟಿಯೂ ಮುಟ್ಟದಂತೆ ಒರೆಸಿ, ಒಣಗಲು ಬಿಡಬೇಕು. ಸೀಮೆಎಣ್ಣೆ, ಪೆಟ್ರೋಲ್, ಉಗುರಿನ ಬಣ್ಣ ತೆಗೆಯುವ ದ್ರವಗಳು ಪ್ಲಾಸ್ಟಿಕ್ ಮಸೂರವನ್ನು ಶಾಶ್ವತವಾಗಿ ಮಬ್ಬಾಗಿಸುತ್ತವೆ. ಕುಂಚವಿರುವ ಸ್ವಚ್ಛಗೊಳಿಸುವ ಡಿಸ್ಕ್‌ಗಳು ಮಾರಾಟಕ್ಕಿವೆಯಾದರೂ ಹಳೆಯ ಯಂತ್ರಕ್ಕೆ ಅವು ಹಿತಕರವಲ್ಲ. ಮುಚ್ಚಳ ತೆಗೆದ ಯಂತ್ರವನ್ನು ಚಾಲೂ ಮಾಡಿ ಮಸೂರದೊಳಗೆ ಇಣುಕುವುದು ಕಣ್ಣಿಗೆ ಅಪಾಯಕಾರಿ.

ಲೇಸರ್ ಸೊರಗಿದ ಯಂತ್ರವು ಎಲ್ಲ ಡಿಸ್ಕ್‌ಗಳನ್ನೂ ಒಮ್ಮೆಲೇ ತಿರಸ್ಕರಿಸುವುದಿಲ್ಲ. ಬೆಳಕನ್ನು ಕಡಿಮೆ ಪ್ರತಿಫಲಿಸುವ ಎರಡು ಪದರದ ಡಿಸ್ಕ್‌ಗಳು ಮತ್ತು ಮರುಬರಹದ ಡಿಸ್ಕ್‌ಗಳು ಮೊದಲು ನಿಲ್ಲುತ್ತವೆ. ಅಚ್ಚಿನ ಡಿಸ್ಕ್‌ಗಳು ಕೊನೆಯವರೆಗೂ ಓಡುತ್ತವೆ. ಕೆಲವು ದುರಸ್ತಿಗಾರರು ಪಿಕಪ್‌ನ ಮೇಲಿರುವ ಸಣ್ಣ ತಿರುಪನ್ನು ತಿರುಗಿಸಿ ಲೇಸರ್‌ಗೆ ಹರಿಯುವ ವಿದ್ಯುತ್ತನ್ನು ಏರಿಸುತ್ತಾರೆ. ಯಂತ್ರ ಮತ್ತೆ ಓದತೊಡಗುತ್ತದೆ, ಆದರೆ ಆರುವ ದೀಪಕ್ಕೆ ಬತ್ತಿ ಏರಿಸಿದಂತೆ ಉಳಿದ ಆಯುಷ್ಯ ಬೇಗ ತೀರುತ್ತದೆ. ಉಳಿದ ಡಿಸ್ಕ್‌ಗಳ ಪ್ರತಿ ತೆಗೆಯುವಷ್ಟು ಅವಧಿಗೆ ಮಾತ್ರ ಈ ಉಪಾಯ ಸಮರ್ಥನೀಯ. ಪಿಕಪ್ ಬದಲಾಯಿಸುವುದೇ ಸರಿಯಾದ ದಾರಿ. ಸ್ಯಾನ್ಯೊ ಎಚ್‌ಡಿ 62, ಎಚ್‌ಡಿ 65 ಮೊದಲಾದ ಮಾದರಿಗಳು ಹಲವು ತಯಾರಿಕೆಗಳ ಯಂತ್ರಗಳಲ್ಲಿ ಬಳಕೆಯಾಗಿರುವುದರಿಂದ, ಹಾಳಾದ ಮತ್ತೊಂದು ಯಂತ್ರದಿಂದಲೂ ಭಾಗವನ್ನು ಪಡೆಯಬಹುದು. ಹೊಸ ಪಿಕಪ್‌ನಲ್ಲಿ ಸ್ಥಿರವಿದ್ಯುತ್ತಿನಿಂದ ರಕ್ಷಿಸಲು ಬೆಸುಗೆಯ ಒಂದು ಸೇತುವೆ ಇರುವುದುಂಟು. ಪಟ್ಟಿತಂತಿ ಜೋಡಿಸಿದ ಮೇಲೆ ಅದನ್ನು ಬಿಡಿಸಲು ಮರೆತರೆ ಹೊಸ ಭಾಗವೂ ಕೆಲಸ ಮಾಡುವುದಿಲ್ಲ.

ಟ್ರೇ ಹೊರಬರದೆ ಒಳಗೆ ಮೋಟಾರು ತಿರುಗುವ ಸದ್ದು ಮಾತ್ರ ಕೇಳಿಸಿದರೆ ಒಳಗಿನ ರಬ್ಬರ್ ಪಟ್ಟಿ ಸಡಿಲವಾಗಿದೆ ಎಂದರ್ಥ. ಪಟ್ಟಿಯನ್ನು ತೆಗೆದು ಒರೆಸಿ ಹಾಕಿದರೆ ಕೆಲವು ದಿನ ನಡೆಯುತ್ತದೆ. ಅದೇ ಅಳತೆಯ ಹೊಸ ಪಟ್ಟಿ ಅತಿ ಅಗ್ಗದ ಭಾಗ. ಯಂತ್ರ ಪೂರ್ತಿ ನಿರ್ಜೀವವಾಗಿದ್ದರೆ ಅಥವಾ ದೀಪ ಮಿಣುಕುತ್ತಿದ್ದರೆ ವಿದ್ಯುತ್ ಹಲಗೆಯ ಕೆಪಾಸಿಟರ್‌ಗಳ ತಲೆ ಉಬ್ಬಿರುವುದು ಸಾಮಾನ್ಯ. ಅಲ್ಲಿರುವ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೆಯೂ ಕೆಲಕಾಲ 300 ವೋಲ್ಟ್‌ಗೂ ಮೀರಿದ ವಿದ್ಯುತ್ತನ್ನು ಹಿಡಿದಿಟ್ಟಿರಬಲ್ಲದು. ಆದ್ದರಿಂದ ಆ ಭಾಗವನ್ನು ಅನುಭವಿ ದುರಸ್ತಿಗಾರರಿಗೇ ಬಿಡತಕ್ಕದ್ದು. ರಿಮೋಟ್ ಕೆಟ್ಟಿದೆಯೇ ಎಂದು ತಿಳಿಯಲು ಅದರ ಮೂತಿಯನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಬೇಕು. ಬರಿಗಣ್ಣಿಗೆ ಕಾಣದ ಕಿರಣ ಅನೇಕ ಕ್ಯಾಮೆರಾಗಳ ಪರದೆಯಲ್ಲಿ ನಸುನೇರಳೆಯಾಗಿ ಮಿನುಗುತ್ತದೆ.

ದೋಷವೆಂದು ತೋರುವ ಹೊಂದಾಣಿಕೆಗಳು

ದುರಸ್ತಿಗೆ ಬರುವ ಎಷ್ಟೋ ಯಂತ್ರಗಳಲ್ಲಿ ದೋಷವೇ ಇರುವುದಿಲ್ಲ. ಮಕ್ಕಳು ರಿಮೋಟ್ ಒತ್ತಿದಾಗ ಚಿತ್ರದ ಹೊರಹರಿವು ಪ್ರೊಗ್ರೆಸಿವ್ ವಿಧಾನಕ್ಕೆ ಬದಲಾದರೆ, ಹಳದಿ ತಂತಿಯಲ್ಲಿ ಜೋಡಿಸಿದ ಟಿವಿಯಲ್ಲಿ ಚಿತ್ರ ಕಾಣದೆ ಧ್ವನಿ ಮಾತ್ರ ಬರುತ್ತದೆ. ಚಿತ್ರ ಕಪ್ಪು ಬಿಳುಪಾಗಿ ಉರುಳುತ್ತಿದ್ದರೆ ಪಾಲ್ ಮತ್ತು ಎನ್‌ಟಿಎಸ್‌ಸಿ ಪದ್ಧತಿಗಳ ಆಯ್ಕೆಯನ್ನು ನೋಡಬೇಕು. ಹಾಡಿನ ವಾದ್ಯಗಳು ಕೇಳಿಸಿ ಸಂಭಾಷಣೆ ಕ್ಷೀಣವಾದರೆ, ಯಂತ್ರವು ಆರು ಧ್ವನಿವರ್ಧಕಗಳಿಗೆ ಧ್ವನಿ ಹಂಚುತ್ತಿದೆ ಎಂದು ತಿಳಿಯಬೇಕು. ಮಾತು ಬಹುಮಟ್ಟಿಗೆ ನಡುವಿನ ಧ್ವನಿವರ್ಧಕಕ್ಕೆ ಹೋಗುತ್ತದೆ, ಅದು ಇಲ್ಲದ ಮನೆಯಲ್ಲಿ ಮಾತೂ ಇಲ್ಲ. ಧ್ವನಿಯ ಪಟ್ಟಿಯಲ್ಲಿ ಸ್ಟೀರಿಯೊ ಎಂಬುದನ್ನು ಆರಿಸಿದರೆ ಎಲ್ಲವೂ ಎರಡರಲ್ಲಿ ಕೂಡುತ್ತದೆ.

ಅಗಲವಾದ ಹೊಸ ಟಿವಿಗೆ ಯಂತ್ರದಲ್ಲಿ 16:9 ಆಯ್ಕೆ ಮಾಡಬೇಕು. ಆದರೂ ಬಿ. ಆರ್. ಪಂತುಲು ಅವರ 1961ರ ಕಿತ್ತೂರು ಚೆನ್ನಮ್ಮ ಚಿತ್ರದಂತಹ, ಚೌಕಕ್ಕೆ ಹತ್ತಿರವಾದ ಚೌಕಟ್ಟಿನ ಹಳೆಯ ಚಿತ್ರಗಳಲ್ಲಿ ಮುಖಗಳು ಅಗಲವಾಗಿ ಕಂಡರೆ ಟಿವಿಯ ರಿಮೋಟ್‌ನಿಂದ 4:3 ಆರಿಸಿಕೊಳ್ಳಬೇಕು. ಎರಡೂ ಪಕ್ಕದ ಕಪ್ಪು ಪಟ್ಟಿಗಳು ದೋಷವಲ್ಲ. ಹೊಸ ಟಿವಿಗಳಲ್ಲಿ ಮೂರು ಬಣ್ಣದ ರಂಧ್ರಗಳ ಬದಲು ಒಂದೇ ಸಣ್ಣ ಎವಿ ರಂಧ್ರ ಇರಬಹುದು. ಅದಕ್ಕೆ ಬೇಕಾದ ತಂತಿಯ ಒಳಕ್ರಮ ಟಿವಿಯಿಂದ ಟಿವಿಗೆ ಬೇರೆಯಾಗಿರುತ್ತದೆ. ಎಚ್‌ಡಿಎಂಐ ಮಾತ್ರ ಇರುವ ಟಿವಿಗೆ ಪರಿವರ್ತಕ ಬೇಕು, ಕೊಳ್ಳುವಾಗ ಅದು ಎವಿಯಿಂದ ಎಚ್‌ಡಿಎಂಐಗೆ ಪರಿವರ್ತಿಸುವುದೇ ಎಂದು ಖಚಿತಪಡಿಸಿಕೊಳ್ಳಬೇಕು. ವಿರುದ್ಧ ದಿಕ್ಕಿನದೂ ನೋಟಕ್ಕೆ ಹಾಗೆಯೇ ಇರುತ್ತದೆ.

ಭಾರತದ ಪ್ರದೇಶ ಸಂಖ್ಯೆ 5. ಅಮೆರಿಕದಲ್ಲಿ ನೆಲೆಸಿದ ಬಂಧುಗಳು ಅಲ್ಲಿ ಕೊಂಡು ಕಳಿಸಿದ ಚಲನಚಿತ್ರದ ಡಿಸ್ಕ್ 1ನೆಯ ಪ್ರದೇಶದ್ದಾಗಿದ್ದರೆ ಇಲ್ಲಿಯ ಯಂತ್ರ ಅದನ್ನು ನಿರಾಕರಿಸಬಹುದು. ಅವರೇ ಮನೆಯಲ್ಲಿ ಬರೆದು ಕಳಿಸಿದ ಡಿಸ್ಕ್‌ಗೆ ಈ ನಿರ್ಬಂಧವಿರುವುದಿಲ್ಲ. ಯುಎಸ್‌ಬಿ ಕಿಂಡಿಯಿರುವ ಹಳೆಯ ಯಂತ್ರಗಳು ಸಾಮಾನ್ಯವಾಗಿ ಫ್ಯಾಟ್32 ವಿನ್ಯಾಸದ ಪೆನ್‌ಡ್ರೈವ್‌ಗಳನ್ನು ಮಾತ್ರ ಓದುತ್ತವೆ. ಮೊಬೈಲ್‌ನಲ್ಲಿ ತೆಗೆದ ಇಂದಿನ ವಿಡಿಯೊಗಳನ್ನು ಅವು ಬಿಡಿಸಲಾರವು, ಎಂಪಿ3 ಹಾಡುಗಳನ್ನು ಮಾತ್ರ ಸುಲಲಿತವಾಗಿ ನುಡಿಸುತ್ತವೆ. ಕನ್ನಡ ಲಿಪಿಯ ಕಡತದ ಹೆಸರು ಪರದೆಯ ಮೇಲೆ ಚೌಕಗಳ ಸಾಲಾಗಿ ಕಾಣುವುದರಿಂದ ರೋಮನ್ ಲಿಪಿಯ ಹೆಸರು ಅಥವಾ ಅಂಕಿ ಇಡುವುದು ಲೇಸು. ವಚನ, ತತ್ವಪದ, ಭಜನೆಗಳನ್ನು ದಿನವೂ ಕೇಳುವ ಹಿರಿಯರಿಗೆ ಇಂತಹ ಯಂತ್ರ ಉತ್ತಮ ಸಾಧನ.

ನೆರೆಯಲ್ಲಿ ನೆನೆದ ಡಿಸ್ಕ್‌ಗಳು

2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿಗೆ ಬಂದ ನೆರೆ ರಾಮದುರ್ಗ ಪಟ್ಟಣವನ್ನೂ ನದಿಯ ದಂಡೆಯ ಹಲವು ಗ್ರಾಮಗಳನ್ನೂ ಆವರಿಸಿತು. ನೆರೆಗೆ ಸಿಕ್ಕ ಮನೆಗಳಲ್ಲಿ ಕಾಗದದ ಭಾವಚಿತ್ರಗಳು ಅಂಟಿಕೊಂಡು ಹಾಳಾಗುತ್ತವೆ. ಡಿಸ್ಕ್‌ಗಳನ್ನೂ ಅವುಗಳೊಂದಿಗೆ ಎಸೆಯುವುದು ಅವಸರದ ನಿರ್ಧಾರ. ಡಿಸ್ಕ್‌ನ ಮೈ ಪಾಲಿಕಾರ್ಬೊನೇಟ್‌ನದು. ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿ.ಮೀ. ದಪ್ಪದ ಎರಡು ಹಾಳೆಗಳ ನಡುವೆ ಇರುತ್ತದೆ. ನೀರು ಅದನ್ನು ಕೂಡಲೇ ತಲುಪುವುದಿಲ್ಲ. ಕೆಸರು ಒಣಗುವ ಮೊದಲೇ ಶುದ್ಧ ನೀರಿನಲ್ಲಿ ಅಲುಗಿಸಿ ತೊಳೆದು, ಅಗತ್ಯವಿದ್ದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬಳಸಿ, ನೆರಳಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ ಒಣಗಿಸಬೇಕು. ಅಂಟಿದ ಲಕೋಟೆಯನ್ನು ಹರಿಯದೆ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಇಂತಹ ಡಿಸ್ಕ್‌ಗಳ ಅಂಚು ಮುಂದೆ ಬಿಚ್ಚಿಕೊಳ್ಳಬಹುದಾದ್ದರಿಂದ ಒಣಗಿದ ಬೆನ್ನಿಗೇ ಪ್ರತಿ ತೆಗೆಯಬೇಕು. ನೆನೆದ ಪ್ಲೇಯರ್‌ಗೆ ವಿದ್ಯುತ್ ಕೊಟ್ಟು ನೋಡುವುದು ಮಾತ್ರ ಸಲ್ಲದು. ಡಿಸ್ಕ್ ಉಳಿದರೆ ಯಂತ್ರವನ್ನು ಬೇರೆ ಕಡೆಯಿಂದ ತರಬಹುದು.

ಪ್ರತಿ ತೆಗೆಯುವುದು

ಪ್ಲೇಯರ್ ಓದದ ಡಿಸ್ಕ್ ಅನ್ನು ಗಣಕಯಂತ್ರದ ಡಿವಿಡಿ ಡ್ರೈವ್ ಓದುವುದುಂಟು. ಇದರ ವಿಪರ್ಯಾಸವೂ ನಿಜ. ಆದುದರಿಂದ ಒಂದು ಯಂತ್ರ ಸೋತ ಮಾತ್ರಕ್ಕೆ ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸಲಾಗದು. ಮನೆಯ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ನಕಲು ತಡೆಯ ಬೀಗವಿರುವುದಿಲ್ಲ. ಅವುಗಳೊಳಗಿನ ವಿಡಿಯೊ ಟಿಎಸ್ ಎಂಬ ಕೋಶವನ್ನು ಹಾಗೆಯೇ ಹಾರ್ಡ್ ಡಿಸ್ಕ್‌ಗೆ ಎಳೆದರೆ ಮೂಲ ಗುಣಮಟ್ಟ ಉಳಿಯುತ್ತದೆ. 4.7 ಗಿಗಾಬೈಟ್‌ನ ಡಿಸ್ಕ್‌ನಲ್ಲಿ ಉತ್ತಮ ಗುಣಮಟ್ಟದ ಸುಮಾರು ಎರಡು ತಾಸಿನ ಚಿತ್ರ ಹಿಡಿಯುತ್ತದೆ. ಪ್ರತಿಯಾದ ಮೇಲೆ ಕೊನೆಯ ಹತ್ತು ನಿಮಿಷಗಳನ್ನು ತಪ್ಪದೆ ನೋಡಬೇಕು, ಏಕೆಂದರೆ ಆರಂಭ ಸರಿಯಿದ್ದರೆ ಎಲ್ಲವೂ ಸರಿಯಿದೆ ಎಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ. ಡಿವಿಡಿ ರೆಕಾರ್ಡರ್‌ನಲ್ಲಿ ಬರೆದು ಮುಕ್ತಾಯಗೊಳಿಸದ ಡಿಸ್ಕ್‌ಗಳು ಬೇರೆ ಯಂತ್ರಗಳಲ್ಲಿ ಖಾಲಿಯಂತೆ ತೋರುತ್ತವೆ. ಅವನ್ನು ಬರೆದ ಯಂತ್ರ ಉಳಿದಿದ್ದರೆ ಅದರಲ್ಲಿಯೇ ಹಾಕಿ ಮುಕ್ತಾಯಗೊಳಿಸಬಹುದು.

ಡಿಸ್ಕ್‌ನ ಮೇಲೆ ಕಾಗದದ ಚೀಟಿ ಅಂಟಿಸಿದರೆ ತಿರುಗುವಾಗ ತೂಕ ತಪ್ಪಿ ಅದುರುತ್ತದೆ. ಈಗಾಗಲೇ ಅಂಟಿರುವುದನ್ನು ಕೀಳುವುದು ಇನ್ನೂ ಅಪಾಯಕಾರಿಯಾದ್ದರಿಂದ ಹಾಗೆಯೇ ಬಿಟ್ಟು, ವಿವರವನ್ನು ಡಬ್ಬಿಯ ಮೇಲೆ ಬರೆಯಬೇಕು. "ಮದುವೆ" ಎಂದಷ್ಟೇ ಬರೆದ ಹತ್ತು ಡಿಸ್ಕ್‌ಗಳು ಒಂದೇ ಮನೆಯಲ್ಲಿ ಇರುವುದು ವಿರಳವಲ್ಲ. ಯಾರ ಮದುವೆ, ಯಾವ ಊರು, ಯಾವ ವರ್ಷ ಎಂಬುದನ್ನು ಗುರುತಿಸಬಲ್ಲ ಹಿರಿಯರಿರುವಾಗಲೇ ಅವರನ್ನು ಕೂರಿಸಿಕೊಂಡು ನೋಡಿ ನಮೂದಿಸಿಡಬೇಕು.