ಮಧುಮೇಹದ ಸಂಯುಕ್ತ ಗುಳಿಗೆ: ಜನಪದ ಮೂಲದ ಪ್ರಶ್ನೆ
ಮೆಟ್‌ಫಾರ್ಮಿನ್ ಹಾಗೂ ಗ್ಲಿಬೆನ್‌ಕ್ಲಮೈಡ್ ಬೆರೆತ ಮಧುಮೇಹದ ಗುಳಿಗೆಯಲ್ಲಿ ಎರಡು ಚರಿತ್ರೆಗಳು ಸಂಗಮಿಸಿವೆ. ಒಂದರ ಮೂಲ ಯುರೋಪಿನ ಜನಪದ ವೈದ್ಯದಲ್ಲಿ ಬಳಕೆಯಲ್ಲಿದ್ದ ಗಲೇಗಾ ಸಸ್ಯ. ಅದರಲ್ಲಿರುವ ಗ್ವಾನಿಡಿನ್ ವರ್ಗದ ಅಂಶದ ಅಧ್ಯಯನವು ಸಂಶೋಧಕರಿಗೆ ದಿಕ್ಕು ತೋರಿತು. 1922ರಲ್ಲಿ ಡಬ್ಲಿನ್ನಿನಲ್ಲಿ ಸಂಶ್ಲೇಷಿತವಾಗಿದ್ದ ಮೆಟ್‌ಫಾರ್ಮಿನ್ ಮಧುಮೇಹಿಗಳಿಗೆ ಉಪಯುಕ್ತವೆಂಬುದನ್ನು ಫ್ರೆಂಚ್ ವೈದ್ಯ ಝಾನ್ ಸ್ಟರ್ನ್ 1957ರಲ್ಲಿ ಪ್ರಕಟಿಸಿದರು. ಇನ್ನೊಂದು ಚರಿತ್ರೆ ಆಕಸ್ಮಿಕವಾದುದು. 1942ರಲ್ಲಿ ಮಾಂಪೆಲಿಯೆ ನಗರದಲ್ಲಿ ವಿಷಮಶೀತಜ್ವರದ ರೋಗಿಗಳಿಗೆ ಕೊಟ್ಟ ಸಲ್ಫಾ ಔಷಧವು ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಿತು. ಗ್ಲಿಬೆನ್‌ಕ್ಲಮೈಡ್ ವರ್ಗಕ್ಕೆ ಅದೇ ನಾಂದಿ. ಮೊದಲನೆಯ ಔಷಧವು ಯಕೃತ್ತಿನ ಗ್ಲೂಕೋಸ್ ಉತ್ಪಾದನೆಯನ್ನು ತಗ್ಗಿಸಿದರೆ, ಎರಡನೆಯದು ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುತ್ತದೆ. ಅಮೆರಿಕದಲ್ಲಿ ಈ ಸಂಯೋಜನೆಗೆ 2000ದಲ್ಲಿ ಅನುಮತಿ ದೊರೆಯಿತು. ಆದರೆ ಗಲೇಗಾ ಮೇದ ಕುರಿಗಳು ಸಾಯುವುದುಂಟು. ಆದುದರಿಂದ ಜನಪದ ಜ್ಞಾನವನ್ನು ಅಲ್ಲಗಳೆಯುವುದು ಎಷ್ಟು ತಪ್ಪೋ, ಗಿಡವನ್ನೇ ಗುಳಿಗೆಗೆ ಬದಲೆಂದು ಸಾರುವುದೂ ಅಷ್ಟೇ ತಪ್ಪು.